ಹಳೆಯ ಬೋಲ್ಟ್ ರೈಫಲ್: ಇದು ಯಾವುದು, ಬೆಲೆ ಕಟ್ಟುವುದು ಹೇಗೆ?

ಅಟ್ಟದಪೆಟ್ಟಿಗೆ

ಹಿರಿಯರಿಂದ ಬಂದ ಬೇಟೆಯ ರೈಫಲ್ ಒಂದು ಈಗ ನನ್ನ ಹೆಸರಿಗೆ ಆಗಿದೆ. ಪರವಾನಗಿ, ವರ್ಗಾವಣೆ ಎಲ್ಲ ಮುಗಿದಿದೆ, ಆ ವಿಷಯ ಕೇಳುತ್ತಿಲ್ಲ. ಕೇಳುತ್ತಿರುವುದು ಎರಡೇ: ಇದು ಯಾವ ರೈಫಲ್, ಇದರ ಬೆಲೆಯನ್ನು ತಿಳಿಯುವುದು ಹೇಗೆ?

ಕಣ್ಣಿಗೆ ಕಾಣುವುದು ಇಷ್ಟು. ಟ್ರಿಗರ್‌ಗಳು ಎರಡು, ಒಂದರ ಹಿಂದೆ ಒಂದು. ನಳಿಗೆಯ ಹಿಂದಿನ ಅರ್ಧ ಎಂಟು ಮೂಲೆ, ಮುಂದಿನ ಅರ್ಧ ದುಂಡು. ಮೇಲೆ ಉದ್ದಕ್ಕೂ ತೆಳುವಾದ ಪಟ್ಟಿ. ಪಟ್ಟಿಯ ಮೇಲೆ ಜರ್ಮನ್ ಅಕ್ಷರಗಳಲ್ಲಿ ಒಂದು ಹೆಸರಿದೆ, ಅರ್ಧ ಸವೆದಿದೆ. ಕೊನೆಯಲ್ಲಿ ಮಾತ್ರ ‘ಸೂಲ್’ ಎಂದು ಓದಬಹುದು. ರಿಸೀವರ್‌ನ (ನಳಿಗೆಯ ಹಿಂದೆ ಬೋಲ್ಟ್ ಓಡಾಡುವ ಉಕ್ಕಿನ ಮೈ) ಮುಂದೆ ಮತ್ತು ಹಿಂದೆ ಉಕ್ಕಿನ ಎರಡು ಪೀಠಗಳಿವೆ, ಅವುಗಳಲ್ಲಿ ಚೌಕದ ಕಂಡಿಗಳು. ಟ್ರಿಗರ್‌ನ ಕಾಪು ಲೋಹದ್ದಲ್ಲ, ಕೊಂಬಿನದು. ಮನೆಯಲ್ಲಿ ಎಲ್ಲರೂ ಇದನ್ನು ‘ಮೌಸರ್’ ಎಂದೇ ಕರೆಯುತ್ತಿದ್ದರು. ಆ ಹೆಸರಿನಲ್ಲಿ ಹುಡುಕಿದರೆ ಸಿಗುವ ಬೆಲೆಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಹತ್ತಿಪ್ಪತ್ತು ಪಟ್ಟು ಅಂತರ. ನೋಡಲು ಬಂದ ಒಬ್ಬರು ‘ಇದಕ್ಕೆ ತೋಟಾನೇ ಸಿಗುವುದಿಲ್ಲ, ಕಬ್ಬಿಣದ ಬೆಲೆ’ ಎಂದು ಹೇಳಿ, ಅದೇ ಉಸಿರಿನಲ್ಲಿ ‘ಬೇಕಿದ್ದರೆ ನಾನೇ ತೆಗೆದುಕೊಳ್ಳುತ್ತೇನೆ’ ಎಂದರು. ಅಲ್ಲಿಂದಲೇ ಅನುಮಾನ ಶುರುವಾಯಿತು.

ನಳಿಗೆಕಣ್ಣು

ಆ ಅನುಮಾನವನ್ನು ಬಿಡಬೇಡಿ. ಕಬ್ಬಿಣದ ಬೆಲೆಯದನ್ನು ಯಾರೂ ಕೇಳಿ ಕೊಳ್ಳುವುದಿಲ್ಲ.

ಮೊದಲು ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಹಿಡಿಯಿರುವ ದಿಂಡು, ತೆಗೆದು ನಳಿಗೆ ಖಾಲಿಯೇ ಎಂದು ಬೆಳಕಿಗೆ ಹಿಡಿದು ನೋಡಿ. ಮ್ಯಾಗಜಿನ್‌ಗೂ ಬೆರಳು ಹಾಕಿ ನೋಡಿ. ಎಡಗಡೆ, ರಿಸೀವರ್‌ನ ಹಿಂಭಾಗದಲ್ಲಿ ಒಂದು ಸಣ್ಣ ತಡೆ ಇರುತ್ತದೆ. ಅದನ್ನು ಹೊರಕ್ಕೆ ಎಳೆದು ಹಿಡಿದರೆ ಬೋಲ್ಟ್ ಪೂರ್ತಿ ಹಿಂದಕ್ಕೆ ಜಾರಿ ಕೈಗೆ ಬರುತ್ತದೆ. ಇನ್ನು, ತೋಟಾ ಯಾವುದೆಂದು ಖಚಿತವಾಗುವವರೆಗೆ ಇದರಿಂದ ಒಂದು ಈಡೂ ಹಾರಿಸಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಈಗ ಕೈಯಲ್ಲಿರುವ ಬೋಲ್ಟ್ ನೋಡಿ ಹೇಳಿ. ತುದಿಯಲ್ಲಿ ಎದುರುಬದುರಾಗಿ ಎರಡು ದಪ್ಪ ಹಲ್ಲುಗಳಿವೆಯೇ? ಹಿಂದೆ, ಹಿಡಿಯ ಹತ್ತಿರ, ಮೂರನೆಯದೊಂದು ಹಲ್ಲು ಇದೆಯೇ? ಬಲಗಡೆ ಉದ್ದಕ್ಕೂ ಉಗುರಿನಂತಹ ಸ್ಪ್ರಿಂಗ್ ಪಟ್ಟಿ ಇದೆಯೇ? ಮತ್ತು ಒಂದು ವಿಷಯ: ಬೋಲ್ಟ್ ಒಳಗಿದ್ದಾಗ ಸ್ಪ್ರಿಂಗ್ ಬಿಗಿಯಾಗುವುದು ಹಿಡಿಯನ್ನು ಮೇಲೆತ್ತುವಾಗಲೋ, ಮುಂದಕ್ಕೆ ತಳ್ಳಿ ಮುಚ್ಚುವಾಗಲೋ?

ಅಟ್ಟದಪೆಟ್ಟಿಗೆ

ಮುಂದೆ ಎರಡು ಹಲ್ಲು, ಹಿಂದೆ ಒಂದು. ಉದ್ದನೆಯ ಉಗುರು ಇದೆ. ಹಿಡಿ ಎತ್ತುವಾಗಲೇ ಬಿಗಿಯಾಗುತ್ತದೆ. ಬೋಲ್ಟ್‌ನ ಕೆಳಭಾಗದಲ್ಲಿ ಉದ್ದುದ್ದನೆಯ ಎರಡು ರಂಧ್ರಗಳೂ ಇವೆ. ಅವು ಯಾರೋ ಕೊರೆದದ್ದೇ?

ನಳಿಗೆಕಣ್ಣು

ಅಲ್ಲ, ಕಾರ್ಖಾನೆಯಲ್ಲೇ ಮಾಡಿದವು. ತೋಟಾ ಒಳಗೆ ಒಡೆದರೆ ಅನಿಲ ಮುಖಕ್ಕೆ ಬರದೆ ಅಲ್ಲಿಂದ ಹೊರಹೋಗಲಿ ಎಂದು. ನೀವು ಹೇಳಿದ್ದೆಲ್ಲ ಸೇರಿದರೆ ಅದು ಮೌಸರ್ 98 ಮಾದರಿಯ ಆ್ಯಕ್ಷನ್ (ಬೋಲ್ಟ್, ರಿಸೀವರ್ ಸೇರಿದ ಭಾಗ). ಜರ್ಮನ್ ಸೇನೆ 1898ರಲ್ಲಿ ಒಪ್ಪಿಕೊಂಡ ವಿನ್ಯಾಸ. ಅದಕ್ಕಿಂತ ಹಿಂದಿನ ಮೌಸರ್‌ಗಳಲ್ಲಿ, ಉದಾಹರಣೆಗೆ ಸ್ವೀಡನ್ನಿನ 1896ರ ಮಾದರಿಯಲ್ಲಿ, ಹಿಂದಿನ ಮೂರನೆಯ ಹಲ್ಲು ಇರುವುದಿಲ್ಲ. ಸ್ಪ್ರಿಂಗ್ ಬಿಗಿಯಾಗುವುದೂ ಮುಚ್ಚುವಾಗ. ಈ ಒಂದು ಪರೀಕ್ಷೆಯಿಂದಲೇ ಅರ್ಧ ಪಾಲು ‘ಹಳೆಯ ಮೌಸರ್’ಗಳು ಬೇರೆಯಾಗುತ್ತವೆ.

ಆದರೆ ನಿಮ್ಮ ಮನೆಯವರು ಹೇಳಿದ ‘ಮೌಸರ್’ ಎಂಬುದರಿಂದ ಬೆಲೆಯ ಮಟ್ಟಿಗೆ ಏನೂ ತಿಳಿಯುವುದಿಲ್ಲ. ಆ ಹೆಸರಿನಡಿ ಕನಿಷ್ಠ ಮೂರು ಬೇರೆ ಬೇರೆ ವಸ್ತುಗಳಿವೆ. ಒಂದು, ಜರ್ಮನಿಯ ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಯೇ ಬೇಟೆಗಾಗಿ ಪೂರ್ತಿಯಾಗಿ ಮಾಡಿದ ರೈಫಲ್. ಎರಡು, ಆ ಕಾರ್ಖಾನೆಯಿಂದ ಆ್ಯಕ್ಷನ್ ಮಾತ್ರ ತಂದು ಸೂಲ್ ಅಥವಾ ಝೆಲ್ಲಾ-ಮೇಲಿಸ್ ಎಂಬ ಜರ್ಮನ್ ಊರುಗಳ ಕುಶಲಕರ್ಮಿಗಳು ನಳಿಗೆ, ಮರ, ಟ್ರಿಗರ್ ಕೂಡಿಸಿ ಮಾಡಿದ ರೈಫಲ್. ಮೂರು, ಯುದ್ಧ ಮುಗಿದ ಮೇಲೆ ಸೈನಿಕ ರೈಫಲ್‌ನ ಮರ ಕತ್ತರಿಸಿ, ಹಿಡಿ ಬಗ್ಗಿಸಿ, ಬೇಟೆಗೆ ಒಗ್ಗಿಸಿದ್ದು. ನೀವು ನೋಡಿದ ಹತ್ತಿಪ್ಪತ್ತು ಪಟ್ಟಿನ ಅಂತರ ಇರುವುದು ಇಲ್ಲೇ.

ನಿಮ್ಮದು ಎರಡನೆಯ ಗುಂಪಿನದು ಎನ್ನಿಸುತ್ತದೆ. ಸೈನಿಕ 98ರ ನಳಿಗೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣಗಾಗುತ್ತದೆ. ಎಂಟು ಮೂಲೆಯಿಂದ ದುಂಡಗಾಗುವ ಪಟ್ಟಿನಳಿಗೆಯನ್ನು ಸೇನೆಗೆ ಯಾರೂ ಮಾಡಿ ಕೊಡಲಿಲ್ಲ. ಆದರೂ ಸೈನಿಕ ರಿಸೀವರ್‌ಗೆ ಒಳ್ಳೆಯ ನಳಿಗೆ ಕೂಡಿಸಿದ ಉದಾಹರಣೆಗಳಿವೆ. ರಿಸೀವರ್‌ನ ಮುಂದಿನ ಬಳೆಯ ಮೇಲೆ ಏನಾದರೂ ಉಜ್ಜಿ ಅಳಿಸಿದ ಗುರುತಿದೆಯೇ ಎಂದು ಓರೆ ಬೆಳಕಿನಲ್ಲಿ ನೋಡಿ. ಲಾಂಛನ ಅರೆದು ತೆಗೆದ ಜಾಗ ಸ್ವಲ್ಪ ಚಪ್ಪಟೆಯಾಗಿ ಹೊಳೆಯುತ್ತದೆ.

ಎಣ್ಣೆಬಟ್ಟೆ

ಅರೆದಿಲ್ಲದೆ ‘ಬಿವೈಎಫ್’ ಎಂದು ಮೂರು ಅಕ್ಷರ, ಕೆಳಗೆ ಎರಡಂಕಿಯ ವರ್ಷ ಸಿಕ್ಕರೆ ಅದು ಎರಡನೆಯ ಮಹಾಯುದ್ಧದಲ್ಲಿ ಓಬರ್ನ್‌ಡಾರ್ಫ್ ಕಾರ್ಖಾನೆ ಸೇನೆಗೆ ಮಾಡಿದ್ದು. ಆಗ ಕಥೆಯೇ ಬೇರೆ.

ಮರಗೆಲಸ

ಮರದ ಚಿತ್ರ ಹಾಕದೆ ಲೋಹದ ಬಗ್ಗೆಯೇ ಮಾತಾಡುತ್ತಿದ್ದೀರಿ! ಎರಡು ಜಾಗಗಳನ್ನು ಭೂತಗನ್ನಡಿ ಹಿಡಿದು ನೋಡಿ. ಒಂದು, ರಿಸೀವರ್‌ನ ಬಾಲ ಮರದೊಳಗೆ ಕೊನೆಯಾಗುವ ಜಾಗ, ಕೈ ಹಿಡಿಯುವ ಸಣಕಲು ಭಾಗದ ಮೇಲ್ಗಡೆ. ಎರಡು, ಮ್ಯಾಗಜಿನ್ ಮತ್ತು ಟ್ರಿಗರ್ ನಡುವಿನ ತೆಳುವಾದ ಮರ. ಹಿಂದೊದೆತವೆಲ್ಲ ಬಂದು ಬೀಳುವುದು ಇಲ್ಲಿ. ಕೂದಲೆಳೆಯಷ್ಟು ಬಿರುಕು ಶುರುವಾಗುವುದೂ ಇಲ್ಲೇ.

ಆಮೇಲೆ ಆ ಬಾಲದ ಸುತ್ತಲಿನ ಮರ ಉಳಿದ ಕಡೆಗಿಂತ ಕಪ್ಪಗಿದೆಯೇ? ವರ್ಷಗಟ್ಟಲೆ ನಳಿಗೆ ಮೇಲೆ ಮಾಡಿ ನಿಲ್ಲಿಸಿಟ್ಟ ರೈಫಲ್‌ಗಳಲ್ಲಿ ನಳಿಗೆಗೆ ಹಾಕಿದ ಎಣ್ಣೆಯೆಲ್ಲ ಇಳಿದು ಮರ ಕುಡಿದುಬಿಟ್ಟಿರುತ್ತದೆ. ಎಣ್ಣೆ ಕುಡಿದ ಮರ ಮೆತ್ತಗಾಗುತ್ತದೆ, ಲೋಹ ಅಲ್ಲಿ ಅಲುಗಾಡುತ್ತದೆ, ಬಿರುಕು ಬರುತ್ತದೆ. ಇದನ್ನು ಸರಿಪಡಿಸಬಹುದು. ಆದರೆ ದಯವಿಟ್ಟು ಮರಳುಕಾಗದ ಮುಟ್ಟಬೇಡಿ. ಮರವನ್ನು ಉಜ್ಜಿದರೆ ಅಂಚು ಲೋಹಕ್ಕಿಂತ ಕೆಳಗಿಳಿಯುತ್ತದೆ. ಮೂಲದಲ್ಲಿ ಮರ ಲೋಹಕ್ಕಿಂತ ಒಂದು ಎಳೆ ಎತ್ತರಕ್ಕೇ ಇರುತ್ತದೆ. ಕೊಳ್ಳುವವನ ಹೆಬ್ಬೆರಳು ಅಲ್ಲಿ ಹಾಯ್ದರೆ ಸಾಕು, ಮರ ಉಜ್ಜಿದ್ದಾರೆಂದು ಗೊತ್ತಾಗಿಬಿಡುತ್ತದೆ.

ಅಟ್ಟದಪೆಟ್ಟಿಗೆ

ಬಳೆಯ ಮೇಲೆ ಅರೆದ ಗುರುತಿಲ್ಲ, ದುಂಡು ಸರಿಯಾಗಿದೆ. ಮರ ಆಕ್ರೋಟು, ಕೆನ್ನೆಯ ಕಡೆ ಉಬ್ಬು ಇದೆ, ಮುಂದಿನ ತುದಿ ಹಕ್ಕಿಯ ಕೊಕ್ಕಿನ ಆಕಾರ. ಬಾಲದ ಹಿಂದೆ ಕಪ್ಪು ಇದೆ, ಬಿರುಕು ಕಾಣುವುದಿಲ್ಲ. ನಳಿಗೆಯ ಕೆಳಗೆ ಏನು ಬರೆದಿದೆ ನೋಡಲು ಮರ ಕಳಚಬೇಕೇ?

ನಳಿಗೆಕಣ್ಣು

ಕಳಚಬೇಕು, ಆದರೆ ಕೈಚಳಕ ಇಲ್ಲದಿದ್ದರೆ ಬಂದೂಕು ರಿಪೇರಿ ಬಲ್ಲವರಿಂದ ಮಾಡಿಸಿ. ಕೆಳಗಿನ ಎರಡು ದೊಡ್ಡ ತಿರುಪುಗಳ ಪಕ್ಕದಲ್ಲಿ ಎರಡು ಸಣ್ಣ ಕಾವಲು ತಿರುಪುಗಳಿರಬಹುದು, ಮೊದಲು ಅವನ್ನು ತೆಗೆಯಬೇಕು. ಜರ್ಮನ್ ಬೇಟೆಯ ರೈಫಲ್‌ಗಳಲ್ಲಿ ಮುಂಭಾಗದ ಮರವನ್ನು ಅಡ್ಡ ಬೆಣೆಯೋ ಇನ್ನೊಂದು ತಿರುಪೋ ನಳಿಗೆಗೆ ಹಿಡಿದಿರುತ್ತದೆ. ಅದನ್ನು ಗಮನಿಸದೆ ಮೀಟಿದವರು ನೂರು ವರ್ಷ ಬಾಳಿದ ಮರವನ್ನು ಸೀಳಿದ್ದಾರೆ. ತಿರುಪುಳಿಯ ಮೊನೆ ತಿರುಪಿನ ಗೀರಿಗೆ ತುಂಬಿ ಕೂರಬೇಕು. ಹರಿದ ತಿರುಪುತಲೆ ನೋಡಿದ ತಕ್ಷಣ ಕೊಳ್ಳುವವನು ಬೆಲೆ ಇಳಿಸುತ್ತಾನೆ.

ಹೊಸಗುರಿ

ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. 98 ಆ್ಯಕ್ಷನ್ ಗಟ್ಟಿಮುಟ್ಟಾದದ್ದು. ನಳಿಗೆ ತೆಗೆದು ಇಂದಿನ ತೋಟಾಕ್ಕೆ ಹೊಸ ನಳಿಗೆ ಹಾಕಿಸಿ, ರಿಸೀವರ್‌ಗೆ ನಾಲ್ಕು ರಂಧ್ರ ಕೊರೆಸಿ ಗುರಿ ನೋಡುವ ಇಂದಿನ ದೂರದರ್ಶಕ ಕೂರಿಸಿ, ಹೊಸದಾಗಿ ನೀಲಿ ಬಣ್ಣ ಕೊಡಿಸಿದರೆ ಮುಂದಿನ ಐವತ್ತು ವರ್ಷ ಬಳಸಬಹುದು. ಗೋಡೆಗೆ ತೂಗುಹಾಕುವ ರೈಫಲ್ ರೈಫಲ್ಲೇ ಅಲ್ಲ.

ತಕ್ಕಡಿ

ಸೈನಿಕ ರೈಫಲ್ ಆಗಿದ್ದು, ಯಾರೋ ಆಗಲೇ ಮರ ಕತ್ತರಿಸಿದ್ದರೆ ನಿಮ್ಮ ಮಾತಿಗೆ ನಾನೂ ತಲೆಯಾಡಿಸುತ್ತಿದ್ದೆ. ಅಲ್ಲಿ ಕಳೆದುಕೊಳ್ಳುವುದು ಏನೂ ಉಳಿದಿರುವುದಿಲ್ಲ. ಇಲ್ಲಿ ಹಾಗಲ್ಲ. ಹೊಸ ನಳಿಗೆ, ಕೊರೆತ, ಬಣ್ಣ, ಮೂರಕ್ಕೂ ಕೊಟ್ಟ ಹಣವನ್ನು ಕೂಡಿಸಿ. ಆಮೇಲೆ ಇದರ ಬೆಲೆ ಆ ಮೊತ್ತಕ್ಕಿಂತ ಕೆಳಗಿರುತ್ತದೆ, ಮೂಲದ ಬೆಲೆಯೂ ಹೋಗಿರುತ್ತದೆ.

ಬಣ್ಣದ ಬಗ್ಗೆ ಬಿಡಿಸಿ ಹೇಳಲೇಬೇಕು, ಬಹುತೇಕ ಹಳೆಯ ರೈಫಲ್‌ಗಳು ಬೆಲೆ ಕಳೆದುಕೊಳ್ಳುವುದು ಅಲ್ಲೇ. ಆ ಕಾಲದ ಒಳ್ಳೆಯ ನಳಿಗೆಗಳ ನೀಲಿ, ತುಕ್ಕನ್ನೇ ಹದವಾಗಿ ಬರಿಸಿ, ಕುದಿಸಿ, ತಂತಿಕುಂಚದಿಂದ ತಿಕ್ಕಿ, ಮತ್ತೆ ಮತ್ತೆ ಮಾಡಿ ಬರಿಸಿದ್ದು. ನೋಡಲು ಮಂದ, ಮೆದು, ಆಳ. ಬಿಸಿ ಲವಣದ ತೊಟ್ಟಿಯಲ್ಲಿ ಅದ್ದುವ ಪದ್ಧತಿ 1930ರ ದಶಕದಿಂದೀಚೆಗೆ ಹರಡಿತು. ಅದು ಕನ್ನಡಿಯಂತೆ ಹೊಳೆಯುತ್ತದೆ. 1910ರ ನಳಿಗೆ ಹಾಗೆ ಹೊಳೆದರೆ ಅದು ಎರಡನೆಯ ಬಣ್ಣ. ಹೊಳಪಿನಿಂದ ಗೊತ್ತಾಗದಿದ್ದರೆ ಅಂಚುಗಳನ್ನು ನೋಡಿ. ಬಣ್ಣ ಕೊಡುವ ಮೊದಲು ಲೋಹವನ್ನು ಉಜ್ಜಲೇಬೇಕು. ಹಾಗೆ ಉಜ್ಜಿದಾಗ ಎಂಟು ಮೂಲೆಯ ಚೂಪು ಮೊಂಡಾಗುತ್ತದೆ, ತಿರುಪಿನ ಕುಳಿಯ ಬಾಯಿ ತಟ್ಟೆಯಂತೆ ಅಗಲವಾಗುತ್ತದೆ, ಕೊರೆದ ಅಕ್ಷರಗಳ ಕಾಲು ತೆಳುವಾಗುತ್ತದೆ. ತುಕ್ಕಿನ ಕುಳಿಯ ಒಳಗೂ ನೀಲಿ ಇದ್ದರೆ ಕುಳಿ ಮೊದಲು, ಬಣ್ಣ ಆಮೇಲೆ. ಇವುಗಳಲ್ಲಿ ಒಂದು ಕಂಡರೂ ನುರಿತ ಸಂಗ್ರಾಹಕ ರೈಫಲ್ ಕೆಳಗಿಡುತ್ತಾನೆ. ಬಣ್ಣ ಸವೆದು ಬೂದುಬಣ್ಣಕ್ಕೆ ತಿರುಗಿದ, ಆದರೆ ಅಂಚು ಚೂಪಾಗಿರುವ ನಳಿಗೆಗೆ ಅವನು ಹೆಚ್ಚು ಕೊಡುತ್ತಾನೆ.

ಹೊಸಗುರಿ

ಸಂಗ್ರಾಹಕನ ಕಣ್ಣಿನಿಂದ ಸರಿ. ಬಳಸುವವನ ಕಣ್ಣೂ ಒಂದಿದೆ ಎಂದಷ್ಟೇ ನನ್ನ ವಾದ.

ತಕ್ಕಡಿ

ಒಪ್ಪಿದೆ. ಆದರೆ ಕೇಳಿದ್ದು ಬೆಲೆ.

ಅಟ್ಟದಪೆಟ್ಟಿಗೆ

ಬಲ್ಲವರೊಬ್ಬರು ಮರ ಕಳಚಿಕೊಟ್ಟರು. ಮುಂಭಾಗದಲ್ಲಿ ನಿಜವಾಗಿಯೂ ಅಡ್ಡ ಬೆಣೆ ಇತ್ತು. ನಳಿಗೆಯ ಕೆಳಗೆ ಇರುವುದು: ಕಿರೀಟದ ಕೆಳಗೆ ‘ಬಿ’, ಕಿರೀಟದ ಕೆಳಗೆ ‘ಯು’, ಕಿರೀಟದ ಕೆಳಗೆ ‘ಜಿ’. ಆಮೇಲೆ 172,28. ಅದರ ಪಕ್ಕದಲ್ಲಿ ‘2,67 ಜಿ ಜಿ.ಬಿ.ಪಿ. ಎಸ್‌ಟಿ.ಎಂ.ಜಿ.’ ಎಂದು ಸಣ್ಣ ಅಕ್ಷರ. ಕ್ರಮಸಂಖ್ಯೆ ಐದಂಕಿಯದು, ಬೋಲ್ಟ್ ಹಿಡಿಯ ಬುಡದಲ್ಲೂ ಅದೇ ಇದೆ. ತಿಂಗಳು, ವರ್ಷದಂತೆ ಕಾಣುವ ಯಾವ ಅಂಕಿಯೂ ಇಲ್ಲ. 172,28 ಕ್ರಮಸಂಖ್ಯೆಯೋ, ತೋಟಾದ ಹೆಸರೋ?

ನಳಿಗೆಕಣ್ಣು

ಕ್ರಮಸಂಖ್ಯೆಯನ್ನು ಇಲ್ಲಿ ಪೂರ್ತಿ ಬರೆಯದಿದ್ದದ್ದು ಒಳ್ಳೆಯದಾಯಿತು. ಚಿತ್ರ ಹಾಕುವಾಗಲೂ ಕೊನೆಯ ಎರಡಂಕಿ ಮುಚ್ಚಿ.

ನೀವು ಬರೆದುಕೊಟ್ಟದ್ದು ಈ ರೈಫಲ್‌ನ ಜಾತಕವೇ. ಒಂದೊಂದಾಗಿ ಬಿಡಿಸುತ್ತೇನೆ.

ಜರ್ಮನಿಯ ಪರೀಕ್ಷಾ ಕಾನೂನು 1891ರಲ್ಲಿ ಆಯಿತು, 1893ರಲ್ಲಿ ಜಾರಿಗೆ ಬಂತು. ಆಗಿನಿಂದ ನಳಿಗೆಗಳ ಮೇಲೆ ಕಿರೀಟದ ಮುದ್ರೆ. ‘ಬಿ’ ಎಂದರೆ ಗುಂಡು ಹಾರಿಸಿ ಪರೀಕ್ಷೆಯಾಗಿದೆ. ‘ಯು’ ಎಂದರೆ ಆಮೇಲೆ ಕಣ್ಣಿನಿಂದ ತಪಾಸಣೆಯಾಗಿದೆ. ‘ಜಿ’ ಎಂದರೆ ಒಳಗೆ ಸುರುಳಿಗೆರೆ ಇರುವ ನಳಿಗೆ. 1911ರಿಂದ ಹೊಗೆರಹಿತ ಮದ್ದಿನ ಪರೀಕ್ಷೆಗೆ ಕಿರೀಟದ ಕೆಳಗೆ ‘ಎನ್’ ಬಂತು. 1939ರ ಕಾನೂನಿನ ನಂತರ ಕಿರೀಟ ಹೋಗಿ ಹದ್ದು ಬಂತು. ನಿಮ್ಮದರಲ್ಲಿ ಹದ್ದೂ ಇಲ್ಲ, ‘ಎನ್’ ಕೂಡ ಇಲ್ಲ. ಅದರ ಬದಲು ಮದ್ದಿನ ತೂಕವನ್ನೇ ಬರೆದಿದ್ದಾರೆ: ಸೈನಿಕ ರೈಫಲ್‌ನ ಹಾಳೆಮದ್ದು 2.67 ಗ್ರಾಂ, ಉಕ್ಕಿನ ಕವಚದ ಗುಂಡು. ಇದು ‘ಎನ್’ ಮುದ್ರೆ ಬರುವುದಕ್ಕಿಂತ ಮುಂಚಿನ ರೂಢಿ. ಆ್ಯಕ್ಷನ್ 1898ರದ್ದು. ಆದ್ದರಿಂದ ಈ ರೈಫಲ್ 1898ರ ನಂತರದ್ದು, ಸರಿಸುಮಾರು 1912ಕ್ಕಿಂತ ಹಿಂದಿನದು. ತಿಂಗಳು-ವರ್ಷದ ಅಂಕಿ ಜರ್ಮನ್ ನಳಿಗೆಗಳಲ್ಲಿ ಸಾಮಾನ್ಯವಾದದ್ದು 1920ರ ದಶಕದಲ್ಲಿ. ಅದಿಲ್ಲದಿರುವುದೂ ಇದಕ್ಕೆ ಹೊಂದುತ್ತದೆ.

172,28 ಎಂಬುದು ಒಳವ್ಯಾಸದ ಅಳತೆ, ಆದರೆ ಮಿಲಿಮೀಟರಿನಲ್ಲಲ್ಲ. ಹನ್ನೆರಡು ಬೋರ್ ಬಂದೂಕು ಎನ್ನುವಾಗ ಇರುವ ಲೆಕ್ಕವೇ ಇಲ್ಲೂ: ಒಂದು ಪೌಂಡ್ ಸೀಸದಲ್ಲಿ ಆ ವ್ಯಾಸದ ಎಷ್ಟು ಗೋಲಿಗಳಾಗುತ್ತವೆ ಎಂಬುದು. 172.28 ಗೋಲಿ ಎಂದರೆ ವ್ಯಾಸ ಸುಮಾರು 7.6 ಮಿ.ಮೀ. ಇದನ್ನು ಗುಂಡಿನ ಅಳತೆ ಎಂದುಕೊಂಡು 7.62ರ ತೋಟಾ ಹುಡುಕಲು ಹೊರಡಬೇಡಿ. ಇದು ನಳಿಗೆಯೊಳಗಿನ ಏಣುಗಳ (ಸುರುಳಿತೋಡುಗಳ ನಡುವಿನ ಉಬ್ಬು) ನಡುವೆ ಇಳಿದ ಅಳತೆಗಡ್ಡಿಯ ಗಾತ್ರ. ಗುಂಡು ಈ ಅಳತೆಗಿಂತ ದಪ್ಪ, ತೋಡಿನ ತಳ ಮುಟ್ಟುವಷ್ಟು. ಇಂತಹ ಗುರುತಿರುವ ನಳಿಗೆ ಸಾಮಾನ್ಯವಾಗಿ 8 ಮಿ.ಮೀ. ವರ್ಗದ್ದು.

ಹಾರಿಸಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ. ಜರ್ಮನಿಯ 8 ಮಿ.ಮೀ. ಒಂದಲ್ಲ, ಎರಡು. 1888ರ ಹಳೆಯ ತೋಟಾದ ಗುಂಡು 0.318 ಇಂಚು. 1905ರ ಹೊತ್ತಿಗೆ ಸೇನೆಗೆ ಬಂದ ಚೂಪುಗುಂಡು 0.323 ಇಂಚು. ತೋಟಾದ ಹಿತ್ತಾಳೆ ಎರಡಕ್ಕೂ 57 ಮಿ.ಮೀ. ಉದ್ದದ್ದೇ, ಹೊರಗಿನಿಂದ ಹೆಚ್ಚುಕಡಿಮೆ ಒಂದೇ. ಪೆಟ್ಟಿಗೆಯ ಮೇಲೆ ಹಳೆಯದಕ್ಕೆ ‘8×57 ಐ’ ಅಥವಾ ‘ಜೆ’, ಹೊಸದಕ್ಕೆ ಕೊನೆಯಲ್ಲಿ ‘ಎಸ್’ ಸೇರಿ ‘ಐಎಸ್’ ಅಥವಾ ‘ಜೆಎಸ್’ ಎಂದಿರುತ್ತದೆ. ಸೇನೆ ಬದಲಾಯಿಸಿದ ಮೇಲೂ ಬೇಟೆಯ ರೈಫಲ್ ಮಾಡುವವರು ಹಳೆಯ ಅಳತೆಯನ್ನು ಬಹಳ ಕಾಲ ಬಿಡಲಿಲ್ಲ. ದಪ್ಪ ಗುಂಡಿನ ತೋಟಾ ಸಣ್ಣ ನಳಿಗೆಯಲ್ಲಿ ಕೂತರೂ ಕೂರಬಹುದು. ಹಾರಿಸಿದಾಗ ಒತ್ತಡ ಎಲ್ಲಿಗೋ ಏರುತ್ತದೆ. ನಿಮ್ಮದು 0.318 ಇರುವ ಸಂಭವವೇ ಹೆಚ್ಚು.

ಎಣ್ಣೆಬಟ್ಟೆ

ಇದನ್ನು ಓದಿ ನನ್ನ ಕಪಾಟಿನತ್ತ ಓಡಿದೆ. ನನ್ನದು ‘ಜೆಎಸ್’, ಉಸಿರು ಬಂತು.

ಅಟ್ಟದಪೆಟ್ಟಿಗೆ

ಖಚಿತಪಡಿಸಿಕೊಳ್ಳುವುದು ಹೇಗೆ?

ನಳಿಗೆಕಣ್ಣು

ಎರಡು ಕೆಲಸ, ಎರಡನ್ನೂ ರಿಪೇರಿ ಬಲ್ಲವರು ಮಾಡಲಿ.

ಮೊದಲನೆಯದು ನಳಿಗೆಗೆ. ಒಳವ್ಯಾಸಕ್ಕಿಂತ ತುಸು ದಪ್ಪವಾದ ಮೆದು ಸೀಸದ ಗೋಲಿಯನ್ನು ಎಣ್ಣೆ ಸವರಿ ನಳಿಗೆಯ ಮೂಲಕ ನಿಧಾನವಾಗಿ ದೂಡಿ ಹೊರತೆಗೆದರೆ ತೋಡಿನ ಅಚ್ಚು ಅದರ ಮೇಲೆ ಮೂಡಿರುತ್ತದೆ. ಮೈಕ್ರೋಮೀಟರಿನಲ್ಲಿ ಅದರ ಅತಿ ದೊಡ್ಡ ವ್ಯಾಸ ಅಳೆದರೆ 0.318ರ ನಳಿಗೆಯೋ 0.323ರದ್ದೋ ಗೊತ್ತಾಗುತ್ತದೆ.

ಎರಡನೆಯದು ತೋಟಾ ಕೂರುವ ಕೋಣೆಗೆ. ಈ ಕಾಲದ ನಳಿಗೆಯ ಮೇಲೆ ಹಿತ್ತಾಳೆಯ ಉದ್ದ ಬರೆದಿರುವುದಿಲ್ಲ. ಸಾಲದ್ದಕ್ಕೆ, ಮೊದಲ ಮಹಾಯುದ್ಧದ ನಂತರ ಎಷ್ಟೋ 57ರ ಕೋಣೆಗಳನ್ನು ಕೊರೆದು 60 ಮಿ.ಮೀ.ಗೆ ಉದ್ದ ಮಾಡಿದರು. ಹಾಗಾಗಿ ಕೋಣೆಯ ಅಚ್ಚು ತೆಗೆಯಬೇಕು. ಸೆರೋಸೇಫ್ ಎಂಬ ಮಿಶ್ರಲೋಹ ಸಿಗುತ್ತದೆ. ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಂ ಸೇರಿದ್ದು, ಕುದಿಯುವ ನೀರಿಗಿಂತ ಕಡಿಮೆ ಬಿಸಿಗೇ ಕರಗುತ್ತದೆ. ಕೋಣೆಯ ಮುಂದೆ ನಳಿಗೆಗೆ ಬಟ್ಟೆಯ ಬಿರಡೆ ಇಟ್ಟು ಹಿಂದಿನಿಂದ ಸುರಿಯುತ್ತಾರೆ. ಆರುವಾಗ ಮೊದಲು ಅದು ಕುಗ್ಗುತ್ತದೆ, ಸುಮಾರು ಅರ್ಧ ಗಂಟೆಯೊಳಗೆ ಹೊರಗೆ ತಟ್ಟಿಬಿಡಬೇಕು. ಆಮೇಲೆ ಮತ್ತೆ ಹಿಗ್ಗತೊಡಗಿ, ಸುರಿದ ಸುಮಾರು ಒಂದು ಗಂಟೆಗೆ ಕೋಣೆಯ ನಿಜವಾದ ಅಳತೆಗೆ ಬರುತ್ತದೆ. ಅಳೆಯಬೇಕಾದದ್ದು ಆಗ. ಮರುದಿನ ಅಳೆದರೆ ಲೆಕ್ಕ ಸ್ವಲ್ಪ ಹೆಚ್ಚು ಬರುತ್ತದೆ. ಕ್ಯಾಡ್ಮಿಯಂ ವಿಷ, ಕಿಟಕಿ ತೆರೆದಿರಲಿ.

ಅಲ್ಲೇ ಬೋಲ್ಟ್ ಮುಖಕ್ಕೂ ತೋಟಾದ ಹಿಂಬದಿಗೂ ನಡುವಿನ ಅಂತರವನ್ನೂ ಅಳತೆಗಟ್ಟಿಗಳಿಂದ ನೋಡಿಸಿ. ಬೋಲ್ಟ್‌ನ ಸಂಖ್ಯೆ ಹೊಂದಿರುವುದರಿಂದ ಅದು ಸರಿಯಿರುವ ಭರವಸೆ ಇದೆ, ಆದರೆ ಭರವಸೆಯ ಮೇಲೆ ಕೆನ್ನೆ ಇಡಬಾರದು.

ಎಣ್ಣೆಬಟ್ಟೆ

ಚರ್ಚೆಯ ನಡುವೆ ಮೂಗು ತೂರಿಸುತ್ತಿದ್ದೇನೆ. ಗೆಳೆಯನೊಬ್ಬನ ಬಳಿ ಅಮೆರಿಕದ ವಿಂಚೆಸ್ಟರ್ ಮಾಡೆಲ್ 70 ರೈಫಲ್ ಇದೆ. ‘64ಕ್ಕಿಂತ ಹಿಂದಿನದು’ ಎಂದು ಹೇಳಿ ಮಾರಿದ್ದಾರೆ. ಸಂಖ್ಯೆ ಏಳು ಲಕ್ಷದ ಮೇಲೆ ಇದೆ.

ನಳಿಗೆಕಣ್ಣು

ಏಳು ಲಕ್ಷದ ಮೇಲಿದ್ದರೆ ಅಲ್ಲ. 1964ರಲ್ಲಿ ವಿನ್ಯಾಸ ಬದಲಾದಾಗ ಹೊಸ ಸಂಖ್ಯೆಗಳು 7,00,000ದಿಂದ ಶುರುವಾದವು. ಸಂಖ್ಯೆ ಓದಲು ಬಾರದಿದ್ದರೂ ಬೋಲ್ಟ್ ಹೇಳುತ್ತದೆ. ಹಳೆಯದರಲ್ಲಿ ಮೌಸರ್‌ನಂತೆಯೇ ಉದ್ದನೆಯ ಉಗುರು ಇದೆ. 1964ರದರಲ್ಲಿ ಅದನ್ನು ತೆಗೆದರು, ಮರದ ಮೇಲಿನ ಜಾಲಿಕೊರೆತವನ್ನೂ ಕೈಯಿಂದ ಮಾಡುವ ಬದಲು ಅಚ್ಚೊತ್ತಿದರು. ಹಳೆಯದಕ್ಕೆ ಹೆಚ್ಚು ಬೆಲೆ ಬರುವುದು ಇದರಿಂದ. ಹಳೆಯದರಲ್ಲೂ 30-06 ಮತ್ತು 270 ತೋಟಾದವು ಧಾರಾಳ. 35 ರೆಮಿಂಗ್ಟನ್ ಅಥವಾ 300 ಸ್ಯಾವೇಜ್ ತೋಟಾದ್ದು ಸಿಕ್ಕರೆ ಮೊದಲು ನಳಿಗೆ ಮೂಲದ್ದೇ ಎಂದು ಅನುಮಾನಿಸಿ, ಆಮೇಲೆ ಸಂತೋಷಪಡಿ.

ಮರಗೆಲಸ

ರೆಮಿಂಗ್ಟನ್ ರೈಫಲ್ ಇರುವವರಿಗೆ ಅದು ತಯಾರಾದ ಕಾಲ ತಿಳಿಯಲು ಒಂದು ಸುಲಭದ ದಾರಿ. ನಳಿಗೆಯ ಎಡಗಡೆ, ರಿಸೀವರ್ ಹತ್ತಿರ ಎರಡು ಮೂರು ಅಕ್ಷರಗಳಿರುತ್ತವೆ. ಮೊದಲನೆಯದು ತಿಂಗಳು: ಬಿ, ಎಲ್, ಎ, ಸಿ, ಕೆ, ಪಿ, ಓ, ಡಬ್ಲ್ಯೂ, ಡಿ, ಇ, ಆರ್, ಎಕ್ಸ್, ಜನವರಿಯಿಂದ ಡಿಸೆಂಬರ್‌ವರೆಗೆ ಈ ಕ್ರಮದಲ್ಲಿ. ಎರಡನೆಯದು ವರ್ಷ, ಅದಕ್ಕೆ ಪಟ್ಟಿಗಳಿವೆ.

ನಳಿಗೆಕಣ್ಣು

ಇದರ ಜೊತೆ ಅಮೆರಿಕದ ಸೈನಿಕ ರೈಫಲ್ ಸ್ಪ್ರಿಂಗ್‌ಫೀಲ್ಡ್ 1903ರಿಂದ ಮಾಡಿದ ಬೇಟೆಯ ರೈಫಲ್ ಇರುವವರಿಗೆ ಒಂದು ಎಚ್ಚರಿಕೆ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ, ರಾಕ್ ಐಲೆಂಡ್‌ನ 2,85,507ಕ್ಕಿಂತ ಕೆಳಗಿನ ಸಂಖ್ಯೆಯ ರಿಸೀವರ್‌ಗಳಲ್ಲಿ ಉಕ್ಕಿಗೆ ಹದ ಕೊಡುವಾಗ ಬಿಸಿ ಹೆಚ್ಚಾಗಿ, ಕೆಲವು ಪೆಡಸಾಗಿ ಒಡೆದಿವೆ. ಅವನ್ನು ಹಾರಿಸುವ ಯೋಚನೆ ಬಿಡಿ. ಸರಿ, ಮೂಲ ವಿಷಯಕ್ಕೆ ಮರಳೋಣ.

ದೂರದೃಷ್ಟಿ

ಮರಳುವುದಾದರೆ ನನ್ನ ಪ್ರಶ್ನೆ ಇದೆ, ಇಷ್ಟು ಹೊತ್ತು ಯಾರೂ ಕೇಳಲಿಲ್ಲ. ರಿಸೀವರ್ ಮೇಲೆ ಚೌಕದ ಕಂಡಿಗಳಿರುವ ಎರಡು ಪೀಠಗಳು ಎಂದಿರಿ. ಅವು ಸೂಲ್ ಶೈಲಿಯ ಉಗುರುಪೀಠಗಳು. ದೂರದರ್ಶಕದ ಮುಂದಿನ ಬಳೆಯ ಕೆಳಗೆ ಉಗುರುಗಳಿರುತ್ತವೆ, ಅವನ್ನು ಮುಂದಿನ ಕಂಡಿಗೆ ಸಿಕ್ಕಿಸಿ ಹಿಂದಿನದನ್ನು ಒತ್ತಿದರೆ ಸ್ಪ್ರಿಂಗ್ ಕೊಕ್ಕೆ ‘ಟಕ್’ ಎಂದು ಹಿಡಿಯುತ್ತದೆ. ಒಂದೊಂದನ್ನೂ ಅದದೇ ರೈಫಲ್‌ಗೆ ಅರ ಹಿಡಿದು ಕೂರಿಸಿರುತ್ತಾರೆ, ಇನ್ನೊಂದರದು ಇದಕ್ಕೆ ಕೂರುವುದಿಲ್ಲ. ನಿಮ್ಮ ದೂರದರ್ಶಕ ಎಲ್ಲಿ?

ಅಟ್ಟದಪೆಟ್ಟಿಗೆ

ಅದೇ ಪೆಟ್ಟಿಗೆಯಲ್ಲಿ ಒಂದು ಚರ್ಮದ ಕೊಳವೆ ಇತ್ತು, ಒಳಗೆ ಹಿತ್ತಾಳೆಯ ದುರ್ಬೀನು ಎಂದುಕೊಂಡು ಬದಿಗಿಟ್ಟಿದ್ದೆ. ಈಗ ತೆಗೆದು ನೋಡಿದರೆ ಉಕ್ಕಿನದು. ‘ಗೋರ್ಟ್ಸ್, ಬರ್ಲಿನ್’ ಎಂದು ಕೊರೆದಿದೆ. ಎರಡು ಬಳೆಗಳಿವೆ. ಕೆಳಗೆ ನೀವು ಹೇಳಿದ ಉಗುರುಗಳೂ ಇವೆ. ಸಿಕ್ಕಿಸಿದೆ. ಕೂತಿತು. ಅಲುಗಾಡುವುದೇ ಇಲ್ಲ. ಒಳಗೆ ಮಾತ್ರ ಮಬ್ಬು, ಮತ್ತು ಗುರಿಗೆರೆ ನಡುವೆ ಇಲ್ಲ, ಕೆಳಗಿದೆ. ಹಾಳಾಗಿದೆಯೇ?

ದೂರದೃಷ್ಟಿ

ಗುರಿಗೆರೆ ಕೆಳಗಿರುವುದು ದೋಷವಲ್ಲ. ಆ ಕಾಲದ ಜರ್ಮನ್ ದೂರದರ್ಶಕಗಳಲ್ಲಿ ಮೇಲೆ-ಕೆಳಗೆ ಹೊಂದಿಸಲು ಮಾತ್ರ ತಿರುಗುಗುಂಡಿ. ಎಡ-ಬಲವನ್ನು ಹಿಂದಿನ ಪೀಠದಲ್ಲೇ ಸರಿಸಬೇಕು. ತಿರುಗುಗುಂಡಿ ಹೊಂದಿಸಿದಂತೆ ಗೆರೆಯೇ ಮೇಲೆ-ಕೆಳಗೆ ಸರಿಯುತ್ತದೆ, ನಡುವಿನಿಂದ ಆಚೆ ಹೋಗುತ್ತದೆ. ಮಬ್ಬು ಎಣ್ಣೆಯ ಪಸೆಯೋ ಬೂಷ್ಟೋ ಇರಬಹುದು. ಬಿಚ್ಚಬೇಡಿ. ಮಸೂರಗಳನ್ನು ಅಂಟಿಸಿದ ಪದರ ಬಿಟ್ಟಿದ್ದರೆ ಅದು ಬೇರೆಯೇ ಕೆಲಸ, ಹಳೆಯ ದೂರದರ್ಶಕಗಳನ್ನೇ ಸರಿಪಡಿಸುವವರಿದ್ದಾರೆ.

ಗೋರ್ಟ್ಸ್ 1926ರಲ್ಲಿ ಝೈಸ್ ಇಕಾನ್‌ನಲ್ಲಿ ಸೇರಿಹೋಯಿತು, ಆದ್ದರಿಂದ ಇದು ಅದಕ್ಕಿಂತ ಹಿಂದಿನದು. ಬಳೆಗಳ ಮೇಲೆ ಅಥವಾ ಕೊಳವೆಯ ಅಡಿಯಲ್ಲಿ ಸಣ್ಣದಾಗಿ ಸಂಖ್ಯೆ ಹುಡುಕಿ. ರೈಫಲ್‌ನ ಸಂಖ್ಯೆಯೇ ಆಗಿದ್ದರೆ ಬೆಲೆಯ ಲೆಕ್ಕವೇ ಬೇರೆ.

ಅಟ್ಟದಪೆಟ್ಟಿಗೆ

ಮುಂದಿನ ಬಳೆಯ ಎದೆಯಲ್ಲಿ ಇದೆ. ಅದೇ ಐದಂಕಿ.

ಮತ್ತೆ, ಅಳತೆಗಳೂ ಬಂದವು. ತೋಡಿನ ವ್ಯಾಸ 0.318. ಕೋಣೆ 57 ಮಿ.ಮೀ., ಉದ್ದ ಮಾಡಿಲ್ಲ. ನಳಿಗೆಯ ಒಳಗೆ ಮಂಜು ಕಟ್ಟಿದಂತೆ ಮಸುಕು, ಆದರೆ ಏಣುಗಳು ಚೂಪಾಗಿವೆಯಂತೆ. ತುದಿಯ ಬಾಯಿ ಮಾತ್ರ ಒಂದು ಬದಿಗೆ ಸವೆದಿದೆ ಎಂದರು.

ನಳಿಗೆಕಣ್ಣು

ಮಸುಕು ಹಳೆಯ ತೋಟಾಗಳ ಕಿಡಿಮದ್ದಿನ (ಮುಖ್ಯ ಮದ್ದಿಗೆ ಬೆಂಕಿ ತಗುಲಿಸುವ ಮದ್ದು) ಉಳಿಕೆ. ಅದರಲ್ಲಿನ ಕ್ಲೋರೇಟ್ ಉರಿದು ಲವಣವಾಗಿ, ತೇವ ಹೀರಿ ಉಕ್ಕನ್ನು ತಿನ್ನುತ್ತಿತ್ತು. ಬರೀ ಎಣ್ಣೆ ಹಾಕಿದರೆ ಅದು ಹೋಗುತ್ತಿರಲಿಲ್ಲ, ನೀರಿನಲ್ಲೇ ತೊಳೆಯಬೇಕಿತ್ತು. ಬಾಯಿಯ ಸವೆತ ಗುಂಡಿನದಲ್ಲ, ಒರೆಸುವ ಸರಳಿನದು. ಮುಂದಿನಿಂದ ಸರಳು ತೂರಿಸಿ ತೂರಿಸಿ ಒಂದೇ ಬದಿ ಉಜ್ಜಿದೆ.

ತಕ್ಕಡಿ

ಈಗ ಬೆಲೆಯ ಬಗ್ಗೆ ಮಾತಾಡಬಹುದು. ಅಂಕಿ ಕೊಡುವುದಿಲ್ಲ, ಕಾನೂನು, ಬೇಡಿಕೆ ಒಂದೊಂದು ಕಡೆ ಒಂದೊಂದು ಥರ. ತೂಗುವ ರೀತಿ ಹೇಳುತ್ತೇನೆ.

ಇದು ಓಬರ್ನ್‌ಡಾರ್ಫ್ ಕಾರ್ಖಾನೆಯ ಪೂರ್ಣ ರೈಫಲ್ ಅಲ್ಲ, ಲಂಡನ್ನಿನ ಹೆಸರಾಂತ ತಯಾರಕರದ್ದೂ ಅಲ್ಲ. ಆ ಸಾಲಿನ ಬೆಲೆ ನಿರೀಕ್ಷಿಸಬೇಡಿ. ಪಟ್ಟಿಯ ಮೇಲಿನ ಹೆಸರು ಮಾಡಿದವನದ್ದೇ ಆಗಿರಬೇಕೆಂದಿಲ್ಲ, ಮಾರಿದ ಅಂಗಡಿಯದ್ದೂ ಇರಬಹುದು. ಸೂಲ್‌ನಲ್ಲಿ ನಳಿಗೆ ಒಬ್ಬನದು, ಟ್ರಿಗರ್ ಇನ್ನೊಬ್ಬನದು, ಮರ ಮತ್ತೊಬ್ಬನದು. ಆದ್ದರಿಂದ ಅದರ ಬೆಲೆ ಹೆಸರಿನಲ್ಲಲ್ಲ, ಕೆಲಸದಲ್ಲಿದೆ. ಎಂಟು ಮೂಲೆಯ ನಳಿಗೆ, ಅದರೊಂದಿಗೆ ಒಂದೇ ಉಕ್ಕಿನಲ್ಲಿ ಬಂದ ಪಟ್ಟಿ, ಕೊಂಬಿನ ಕಾಪು, ಎರಡು ಟ್ರಿಗರ್‌ಗಳು, ಹೊಂದುವ ಸಂಖ್ಯೆಗಳು: ಇವೆಲ್ಲ ಮೇಲಕ್ಕೆ ಎತ್ತುತ್ತವೆ. ಅದೇ ಸಂಖ್ಯೆಯ ದೂರದರ್ಶಕ ಎಲ್ಲಕ್ಕಿಂತ ಹೆಚ್ಚು ಎತ್ತುತ್ತದೆ, ಯಾಕೆಂದರೆ ಪೀಠ ಉಳಿದು ದೂರದರ್ಶಕ ಕಳೆದುಹೋದ ರೈಫಲ್‌ಗಳೇ ಹೆಚ್ಚು. ಚರ್ಮದ ಕೊಳವೆಯನ್ನೂ ಎಸೆಯಬೇಡಿ.

ಕೆಳಕ್ಕೆ ಎಳೆಯುವುದು 0.318. ಕೆಲಸಗಾರಿಕೆಗೆ ಅದರಿಂದ ಒಂದು ಕೂದಲೂ ಕೊಂಕುವುದಿಲ್ಲ, ಆದರೆ ಬಳಸಲು ಕೊಳ್ಳುವವರು ಹಿಂದೆ ಸರಿಯುತ್ತಾರೆ, ಸಂಗ್ರಾಹಕರು ಮಾತ್ರ ಉಳಿಯುತ್ತಾರೆ. ಆ ಅಳತೆಯ ತೋಟಾ ಇಲ್ಲವೆಂದಲ್ಲ, ಹುಡುಕಬೇಕು. ನಿಮಗೆ ‘ಕಬ್ಬಿಣದ ಬೆಲೆ’ ಹೇಳಿದವರು ಹಿಡಿದದ್ದು ಈ ಒಂದು ಎಳೆಯನ್ನೇ.

ಹೋಲಿಸುವಾಗ ಜಾಹೀರಾತಿನಲ್ಲಿ ಕೇಳಿದ ಬೆಲೆಯನ್ನು ಬಿಟ್ಟುಬಿಡಿ. ಕೇಳಲು ಯಾರಿಗೂ ಖರ್ಚಿಲ್ಲ. ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಮೊತ್ತ ನೋಡಿ, ಅದರಲ್ಲೂ ಹರಾಜುಮನೆಯ ಕಮಿಷನ್ ಸೇರಿದೆಯೇ ಎಂದು ನೋಡಿ. ಕೊಂಡವನು ಕೊಟ್ಟದ್ದು, ಮಾರಿದವನಿಗೆ ಸಿಕ್ಕಿದ್ದು ಎರಡೂ ಬೇರೆ. ಸೂಲ್, 98 ಆ್ಯಕ್ಷನ್, ಯುದ್ಧಪೂರ್ವ, ಉಗುರುಪೀಠ ಮತ್ತು ಮೂಲ ದೂರದರ್ಶಕ, ಈ ನಾಲ್ಕೂ ಇರುವ ಮಾರಾಟಗಳನ್ನಷ್ಟೇ ಆರಿಸಿ. ಒಂದೇ ಒಂದು ದೊಡ್ಡ ಮೊತ್ತ ಕಂಡರೆ ಅದನ್ನು ಬದಿಗಿಡಿ, ಆ ದಿನ ಹಟಕ್ಕೆ ಬಿದ್ದ ಇಬ್ಬರು ಕೂತಿದ್ದಿರಬಹುದು.

ಹೊಸಗುರಿ

ದೂರದರ್ಶಕದ ಸಂಖ್ಯೆ ಹೊಂದಿದ ಮೇಲೆ ನಾನೂ ಕೊರೆಯಿರಿ ಎನ್ನುವುದಿಲ್ಲ.

ಅಟ್ಟದಪೆಟ್ಟಿಗೆ

ಮಾರುವ ಮನಸ್ಸಿಲ್ಲ. ವಿಮೆ ಮಾಡಿಸಲು ಒಂದು ಮೊತ್ತ ಬರೆಯಬೇಕು. ಹರಾಜಿನ ಮೊತ್ತವನ್ನೇ ಬರೆಯಲೇ?

ತಕ್ಕಡಿ

ಬೇಡ. ವಿಮೆಗೆ ಬೇಕಾದದ್ದು ಇದು ಕಳೆದರೆ ಇಂತಹದೇ ಇನ್ನೊಂದನ್ನು ಕೊಳ್ಳಲು ತಗಲುವ ಮೊತ್ತ. ಅದು ಕಮಿಷನ್ ಸೇರಿ, ವ್ಯಾಪಾರಿಯ ಲಾಭ ಸೇರಿ ಮೇಲೇ ಇರುತ್ತದೆ. ಲಿಖಿತ ಮೌಲ್ಯಮಾಪನವನ್ನು ಅದಕ್ಕೆಂದೇ ಪಡೆಯಿರಿ, ಮೌಲ್ಯ ಕಟ್ಟುವವರು ಕೊಳ್ಳುವವರೂ ಆಗಿರಬಾರದು. ವಿವರದಲ್ಲಿ ‘ಮೌಸರ್ ರೈಫಲ್’ ಎಂದಷ್ಟೇ ಬರೆಯಬೇಡಿ. ‘98 ಆ್ಯಕ್ಷನ್, ಸೂಲ್, ಸುಮಾರು 1898–1912, 8×57 ಐ, 0.318, ಸಂಖ್ಯೆ ಹೊಂದುವ ಗೋರ್ಟ್ಸ್ ದೂರದರ್ಶಕ’ ಎಂದು ಬರೆಸಿ, ಮುದ್ರೆಗಳ ಚಿತ್ರ ಲಗತ್ತಿಸಿ. ದೂರದರ್ಶಕಕ್ಕೆ ಪ್ರತ್ಯೇಕ ಸಾಲು ಇರಲಿ.

ಮರಗೆಲಸ

ಚಿತ್ರ ತೆಗೆಯುವಾಗ ಮರ ಕಳಚಿದ್ದಾಗಲೇ ಒಳಗಿನ ತಗ್ಗನ್ನೂ ತೆಗೆಯಿರಿ. ಕೆಲವೊಮ್ಮೆ ಮರದ ಒಳಗೂ ಸಂಖ್ಯೆ ಕೊರೆದಿರುತ್ತಾರೆ. ಇದ್ದರೆ ಮರವೂ ಮೂಲದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮತ್ತೆ ಜೋಡಿಸುವಾಗ ಆ ಬೆಣೆಯನ್ನು ಬಂದ ಕಡೆಯಿಂದಲೇ ಹಾಕಿಸಿ, ಕೆಲವು ಒಂದು ಬದಿಗೆ ತುಸು ಸಪೂರವಿರುತ್ತವೆ.